‘ಟ್ಯಾಸ್’ ಎಂದರೇನು? ಹಳೆಯ ವಿಡಿಯೊ ಗೇಮ್‌ಗಳ ವೇಗದಾಟವನ್ನು ತೂಗುವ, ತಿದ್ದುವ ಬಗೆ

ಬೆಳಗಾವಿ: ಜಪಾನಿನ ನಿಂಟೆಂಡೊ ಕಂಪನಿ 1985ರಲ್ಲಿ ಬಿಡುಗಡೆ ಮಾಡಿದ ‘ಸೂಪರ್ ಮಾರಿಯೊ ಬ್ರದರ್ಸ್’ ಆಟವನ್ನು ಹೊಸಬರು ಮುಗಿಸಬೇಕಾದರೆ ಹಲವು ದಿನಗಳೇ ಬೇಕಾಗುತ್ತವೆ. ಅದೇ ಆಟವನ್ನು 4 ನಿಮಿಷ 57.31 ಸೆಕೆಂಡುಗಳಲ್ಲಿ ಮುಗಿಸುವ ದಾಖಲೆಯೊಂದು 2011ರಲ್ಲಿ ಪ್ರಕಟವಾಯಿತು. ‘ಹ್ಯಾಪಿಲೀ’ ಎಂಬ ಅಂಕಿತನಾಮದ ಆಟಗಾರ ಅದನ್ನು ಸಿದ್ಧಪಡಿಸಿದ್ದು ಐದು ನಿಮಿಷ ಕುಳಿತು ಆಡಿ ಅಲ್ಲ. ಆಟವನ್ನು ಒಂದೊಂದೇ ಚಿತ್ರಚೌಕಟ್ಟಿನಲ್ಲಿ ನಿಲ್ಲಿಸಿ, ತಪ್ಪಿದಾಗ ಹಿಂದಕ್ಕೆ ಹೋಗಿ, ಮತ್ತೆ ಮತ್ತೆ ತಿದ್ದಿ ಕಟ್ಟಿದ ದಾಖಲೆ ಅದು. ಇಂಥ ಆಟಕ್ಕೆ ‘ಟೂಲ್ ಅಸಿಸ್ಟೆಡ್ ಸ್ಪೀಡ್‌ರನ್’ ಎಂದು ಹೆಸರು. ಸಂಕ್ಷೇಪವಾಗಿ ‘ಟ್ಯಾಸ್’. ಕನ್ನಡದಲ್ಲಿ ಉಪಕರಣ ನೆರವಿನ ವೇಗದಾಟ ಎನ್ನಬಹುದು.

1990ರ ದಶಕದಲ್ಲಿ ರಾಜ್ಯದ ನಗರಗಳ ಮಧ್ಯಮ ವರ್ಗದ ಮನೆಗಳಿಗೆ ಮೀಡಿಯಾ, ಸಮುರಾಯ್ ಮುಂತಾದ ಹೆಸರಿನ ಆಟದ ಪೆಟ್ಟಿಗೆಗಳು ಬಂದವು. ಅವುಗಳಿಗೆ ಸಿಕ್ಕಿಸುವ ‘ಕ್ಯಾಸೆಟ್’ಗಳಲ್ಲಿ ಮಾರಿಯೊ, ಕೋಂಟ್ರಾ ಆಟಗಳಿರುತ್ತಿದ್ದವು. ಅಂದು ಟಿವಿ ಮುಂದೆ ಕುಳಿತು ಆಡಿದ ಮಕ್ಕಳು ಇಂದು ನಡುವಯಸ್ಸಿಗೆ ಬಂದಿದ್ದಾರೆ. ಅದೇ ಆಟಗಳ ಅಸಾಧ್ಯವೆನಿಸುವ ದೃಶ್ಯಗಳು ಈಗ ಅಂತರ್ಜಾಲದಲ್ಲಿ ಎದುರಾದಾಗ, ‘ಇದು ನಿಜವೇ, ಮೋಸವೇ?’ ಎಂಬ ಪ್ರಶ್ನೆ ಸಹಜ. ಉತ್ತರ ಸಿಗಬೇಕಾದರೆ ಟ್ಯಾಸ್ ಹೇಗೆ ಸಿದ್ಧವಾಗುತ್ತದೆ, ಅದನ್ನು ಯಾರು ಯಾವ ಅಳತೆಗೋಲಿನಿಂದ ಪರಿಶೀಲಿಸುತ್ತಾರೆ ಎಂಬುದು ತಿಳಿದಿರಬೇಕು.

ಎರಡು ಬಗೆಯ ದಾಖಲೆಗಳು

ವೇಗದಾಟದಲ್ಲಿ ಎರಡು ಪ್ರತ್ಯೇಕ ಪಂಗಡಗಳಿವೆ. ಮೊದಲನೆಯದು ಮಾನವ ವೇಗದಾಟ. ಇಲ್ಲಿ ಆಟಗಾರ ಯಾವುದೇ ನೆರವಿಲ್ಲದೆ, ನೈಜ ಕಾಲದಲ್ಲಿ, ತನ್ನ ಕೈಯಿಂದಲೇ ಆಡಬೇಕು. ಬೆರಳಿನ ಚುರುಕು, ಏಕಾಗ್ರತೆ, ಒತ್ತಡ ತಾಳುವ ಶಕ್ತಿ ಇಲ್ಲಿ ಮುಖ್ಯ. ಎರಡನೆಯದು ಟ್ಯಾಸ್. ಇಲ್ಲಿನ ಪ್ರಶ್ನೆ ಬೇರೆ: ಮನುಷ್ಯನ ಕೈ ಎಷ್ಟು ವೇಗ ಎಂಬುದಲ್ಲ, ಆಟದ ನಿಯಮಗಳು ಎಷ್ಟು ವೇಗಕ್ಕೆ ಅವಕಾಶ ಕೊಡುತ್ತವೆ ಎಂಬುದು.

ಮೊದಲನೆಯದು ಕ್ರೀಡೆಗೆ ಹತ್ತಿರ, ಎರಡನೆಯದು ಗಣಿತಕ್ಕೂ ಕುಶಲಕರ್ಮಕ್ಕೂ ಹತ್ತಿರ. ಎರಡನ್ನೂ ಒಂದೇ ಪಟ್ಟಿಯಲ್ಲಿ ಇಡುವಂತಿಲ್ಲ. ಟ್ಯಾಸ್ ಅನ್ನು ಟ್ಯಾಸ್ ಎಂದೇ ಹೇಳಿ ತೋರಿಸಿದರೆ ಅದು ಪ್ರಾಮಾಣಿಕ ಕೃತಿ. ಮಾನವ ದಾಖಲೆ ಎಂದು ಹೇಳಿ ತೋರಿಸಿದರೆ ಅದೇ ಕೃತಿ ವಂಚನೆಯಾಗುತ್ತದೆ. ಈ ಕ್ಷೇತ್ರದ ಎಲ್ಲ ನಿಯಮಗಳಿಗೂ ಮೂಲ ಈ ಒಂದು ಭೇದ.

ಹಿನ್ನೆಲೆ

‘ಡೂಮ್’ ಆಟ 1993ರಲ್ಲಿ ಬಂತು. ಅದರ ಮೂಲ ಸಂಕೇತವನ್ನು ಐಡಿ ಸಾಫ್ಟ್‌ವೇರ್ ಸಂಸ್ಥೆ 1997ರ ಡಿಸೆಂಬರ್‌ನಲ್ಲಿ ಸಾರ್ವಜನಿಕಗೊಳಿಸಿತು. 1999ರಲ್ಲಿ ಆಂಡಿ ಕೆಂಪ್ಲಿಂಗ್ ಎಂಬುವರು ಆ ಸಂಕೇತವನ್ನು ಬದಲಿಸಿ, ಆಟವನ್ನು ನಿಧಾನಗತಿಯಲ್ಲಿ, ಹಲವು ಕಂತುಗಳಲ್ಲಿ ಧ್ವನಿಮುದ್ರಣದಂತೆ ದಾಖಲಿಸುವ ಆವೃತ್ತಿಯನ್ನು ಹೊರತಂದರು. ‘ಉಪಕರಣ ನೆರವಿನ’ ಎಂಬ ವಿಶೇಷಣ ಬಳಕೆಗೆ ಬಂದದ್ದು ಆಗ.

ಆದರೆ ಜಗತ್ತಿನ ಗಮನ ಸೆಳೆದದ್ದು 2003ರ ಒಂದು ದೃಶ್ಯಾವಳಿ. ಜಪಾನಿನ ‘ಮೊರಿಮೊಟೊ’ ಎಂಬ ಅಂಕಿತದ ಆಟಗಾರ ‘ಸೂಪರ್ ಮಾರಿಯೊ ಬ್ರದರ್ಸ್ 3’ ಆಟವನ್ನು ಸುಮಾರು 11 ನಿಮಿಷಗಳಲ್ಲಿ ಮುಗಿಸಿದ್ದ. ವಿಡಿಯೊ ದೇಶದಿಂದ ದೇಶಕ್ಕೆ ಹರಡಿತು, ಅದು ಸಿದ್ಧವಾದ ಬಗೆಯ ವಿವರಣೆ ಮಾತ್ರ ಜೊತೆಯಲ್ಲಿ ಹೋಗಲಿಲ್ಲ. ಅನೇಕರು ಅದನ್ನು ಕೈಯಿಂದ ಆಡಿದ್ದೆಂದೇ ನಂಬಿದರು. ಸತ್ಯ ತಿಳಿದಾಗ ಮೆಚ್ಚಿದವರೇ ಮೋಸ ಹೋದೆವೆಂದು ಸಿಟ್ಟಾದರು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಫಿನ್‌ಲ್ಯಾಂಡಿನ ಜೋಯಲ್ ಯ್ಲಿಲುವೋಮಾ ಇಂಥ ದಾಖಲೆಗಳನ್ನು ಸಂಗ್ರಹಿಸುವ ಭಂಡಾರವೊಂದನ್ನು ಆರಂಭಿಸಿದರು. ಪ್ರತಿಯೊಂದರ ಜೊತೆ, ಅದನ್ನು ಉಪಕರಣಗಳ ನೆರವಿನಿಂದ ಮಾಡಲಾಗಿದೆ ಎಂಬ ಸ್ಪಷ್ಟ ಹೇಳಿಕೆ ಇರಬೇಕೆಂಬುದು ಅಲ್ಲಿನ ಪದ್ಧತಿ. ಮುಂದೆ ‘ಟ್ಯಾಸ್‌ವಿಡಿಯೋಸ್’ ಎಂದು ಹೆಸರಾದ ಈ ಭಂಡಾರದ ನಿಯಮಗಳೇ ಇಂದು ಕ್ಷೇತ್ರದ ಪ್ರಮುಖ ಮಾನದಂಡ.

ಕಡತದಲ್ಲಿ ಇರುವುದೇನು?

ಟ್ಯಾಸ್ ಎಂದರೆ ವಿಡಿಯೊ ಎಂದು ಭಾವಿಸುವುದು ಸಾಮಾನ್ಯ ತಪ್ಪು ಕಲ್ಪನೆ. ಮೂಲ ಕೃತಿ ಒಂದು ಪುಟ್ಟ ಕಡತ. ಯಾವ ಕ್ಷಣದಲ್ಲಿ ಯಾವ ಗುಂಡಿ ಒತ್ತಿರಬೇಕು ಎಂಬ ಪಟ್ಟಿ ಮಾತ್ರ ಅದರಲ್ಲಿರುತ್ತದೆ. ನಿಂಟೆಂಡೊದ ಹಳೆಯ ಯಂತ್ರ ಸೆಕೆಂಡಿಗೆ ಸುಮಾರು 60 ಚೌಕಟ್ಟುಗಳನ್ನು, ನಿಖರವಾಗಿ ಹೇಳುವುದಾದರೆ 60.0988 ಚೌಕಟ್ಟುಗಳನ್ನು ತೋರಿಸುತ್ತದೆ. ಮಾರಿಯೊ ದಾಖಲೆಯ 297.31 ಸೆಕೆಂಡುಗಳಿಗೆ 17,868 ಚೌಕಟ್ಟುಗಳಾಗುತ್ತವೆ. ಅಂದರೆ 17,868 ಸಾಲುಗಳ ಒಂದು ಪಟ್ಟಿ.

ಹಳೆಯ ಯಂತ್ರವನ್ನು ಕಂಪ್ಯೂಟರಿನೊಳಗೆ ಅನುಕರಿಸುವ ತಂತ್ರಾಂಶಕ್ಕೆ ‘ಎಮ್ಯುಲೇಟರ್’ ಎನ್ನುತ್ತಾರೆ. ಒಂದೇ ಆಟ, ಒಂದೇ ಆರಂಭದ ಸ್ಥಿತಿ, ಒಂದೇ ಗುಂಡಿಪಟ್ಟಿ ಕೊಟ್ಟರೆ ಎಮ್ಯುಲೇಟರ್ ಪ್ರತಿ ಬಾರಿಯೂ ಅದೇ ಆಟವನ್ನೇ ಮರುಸೃಷ್ಟಿಸುತ್ತದೆ. ಪರಿಶೀಲನೆ ಸಾಧ್ಯವಾಗಿರುವುದು ಈ ಗುಣದಿಂದ. ವಿಡಿಯೊವನ್ನು ಕತ್ತರಿಸಿ ಅಂಟಿಸಬಹುದು, ಗುಂಡಿಪಟ್ಟಿಯಲ್ಲಿ ಆ ಕೈಚಳಕ ನಡೆಯದು. ಯಾರೇ ಆಗಲಿ ತಮ್ಮ ಕಂಪ್ಯೂಟರಿನಲ್ಲಿ ಓಡಿಸಿ ನೋಡಬಹುದು.

ಉಪಕರಣಗಳು ಯಾವುವು?

ಮೊದಲನೆಯದು ಸೇವ್‌ಸ್ಟೇಟ್. ಆಟದ ಯಾವುದೇ ಕ್ಷಣವನ್ನು ಉಳಿಸಿಟ್ಟು ಮತ್ತೆ ಅಲ್ಲಿಂದಲೇ ಆರಂಭಿಸುವ ಸೌಲಭ್ಯ ಇದು. ಕುಂಬಾರಿಕೆಗೆ ಹೆಸರಾದ ಖಾನಾಪುರದ ಉದಾಹರಣೆ ಇಲ್ಲಿ ಒಪ್ಪುತ್ತದೆ. ಮಣ್ಣು ಹಸಿಯಾಗಿರುವವರೆಗೆ ತಿಗರಿಯ ಮೇಲೆ ಅದನ್ನು ಎಷ್ಟು ಬಾರಿಯಾದರೂ ತಿದ್ದಬಹುದು, ಆವಿಗೆಯಲ್ಲಿ ಬೆಂದ ಮೇಲೆ ತಿದ್ದಲಾಗದು. ಮಾನವ ವೇಗದಾಟ ಬೆಂದ ಗಡಿಗೆ, ಟ್ಯಾಸ್ ಹಸಿಮಣ್ಣು.

ಎರಡನೆಯದು ಚೌಕಟ್ಟು ಮುನ್ನಡೆ. ಗುಂಡಿ ಒತ್ತಿದಾಗಲೊಮ್ಮೆ ಆಟ ಒಂದೇ ಒಂದು ಚೌಕಟ್ಟು ಮುಂದಕ್ಕೆ ಹೋಗುತ್ತದೆ. ಮೂರನೆಯದು ಸ್ಮರಣೆ ವೀಕ್ಷಣೆ. ಪಾತ್ರದ ಸ್ಥಾನ, ವೇಗ, ಶತ್ರುವಿನ ಬಲ ಇವೆಲ್ಲ ಯಂತ್ರದ ಸ್ಮರಣೆಯಲ್ಲಿ ಅಂಕಿಗಳಾಗಿ ಕುಳಿತಿರುತ್ತವೆ. ಆ ಅಂಕಿಗಳನ್ನು ಪರದೆಯ ಪಕ್ಕದಲ್ಲೇ ನೋಡುತ್ತ ಆಡಬಹುದು. ಮಾರಿಯೊನ ಸ್ಥಾನವನ್ನು ಆಟ ಅಳೆಯುವುದು ಒಂದು ಪಿಕ್ಸೆಲ್‌ನ 16ನೇ ಒಂದು ಭಾಗದ ಲೆಕ್ಕದಲ್ಲಿ. ಪೂರ್ಣ ಓಟದಲ್ಲಿ ಅವನು ಒಂದು ಚೌಕಟ್ಟಿಗೆ ಇಂಥ 40 ಭಾಗ, ಅಂದರೆ ಎರಡೂವರೆ ಪಿಕ್ಸೆಲ್ ಸಾಗುತ್ತಾನೆ. ಕಣ್ಣಿಗೆ ಕಾಣದ ಈ ವ್ಯತ್ಯಾಸವೇ ಎಷ್ಟೋ ಬಾರಿ ದಾಖಲೆಯನ್ನು ನಿರ್ಧರಿಸುತ್ತದೆ.

ಇವುಗಳ ಜೊತೆಗೆ ಸಣ್ಣ ಆದೇಶಪಟ್ಟಿಗಳನ್ನು ಬರೆಯಲು ‘ಲೂವಾ’ ಭಾಷೆ, ಗುಂಡಿಪಟ್ಟಿಯನ್ನು ಲೆಕ್ಕಪುಸ್ತಕದಂತೆ ತೆರೆದು ತಿದ್ದುವ ಸಂಪಾದಕ ತಂತ್ರಾಂಶಗಳೂ ಇವೆ. ‘ಎಫ್‌ಸಿಇಯುಎಕ್ಸ್’ ಹಾಗೂ ‘ಬಿಜ್‌ಹಾಕ್’ ಹೆಸರಾಂತ ಎಮ್ಯುಲೇಟರ್‌ಗಳು.

ತೀರ್ಪು ಹೇಗೆ?

ಬೆಳಗಾವಿಯ ಉದ್ಯಮಬಾಗದ ಯಂತ್ರಶಾಲೆಗಳಲ್ಲಿ ತಯಾರಾದ ಬಿಡಿಭಾಗವನ್ನು ಕಣ್ಣಳತೆಯಿಂದ ಒಪ್ಪುವುದಿಲ್ಲ. ‘ಗೋ’, ‘ನೋ-ಗೋ’ ಗೇಜ್ ಹಾಕಿ ನೋಡುತ್ತಾರೆ. ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಟ್ಯಾಸ್ ಪರಿಶೀಲನೆಯೂ ಬಹುಮಟ್ಟಿಗೆ ಇದೇ ಕ್ರಮದ್ದು. ‘ಚೆನ್ನಾಗಿ ಕಾಣುತ್ತದೆ’ ಎಂಬುದು ಕೊನೆಯ ಮಾತು, ಮೊದಲ ಮಾತಲ್ಲ. ತೀರ್ಪುಗಾರ ಸಾಮಾನ್ಯವಾಗಿ ಈ ಕೆಳಗಿನ ಪರೀಕ್ಷೆಗಳನ್ನು ನಡೆಸುತ್ತಾನೆ.

1. ಆಟದ ಪ್ರತಿ ಸರಿಯಾದುದೇ? ಪ್ರತಿಯೊಂದು ಆಟದ ಅಧಿಕೃತ ಪ್ರತಿಗೂ ಬೆರಳಚ್ಚಿನಂಥ ಅಂಕಸಂಕೇತವಿರುತ್ತದೆ. ಅದು ತಾಳೆಯಾಗಬೇಕು. ನಮ್ಮಲ್ಲಿ ಮಾರಾಟವಾಗುತ್ತಿದ್ದ ‘ನೂರೆಂಟು ಆಟ ಒಂದರಲ್ಲೇ’ ಮಾದರಿಯ ಕ್ಯಾಸೆಟ್‌ಗಳಲ್ಲಿ ಆಟಗಳನ್ನು ಬದಲಿಸಿ ಸೇರಿಸಿದ್ದುಂಟು. ಅಂಥ ತಿದ್ದಿದ ಪ್ರತಿಯ ಮೇಲೆ ಆಡಿದ್ದು ಮೂಲ ಆಟದ ದಾಖಲೆಯಾಗಿ ಸಲ್ಲದು.

2. ಕಡತ ಕೊನೆಯವರೆಗೆ ಓಡುತ್ತದೆಯೇ? ತೀರ್ಪುಗಾರನ ಕಂಪ್ಯೂಟರಿನಲ್ಲಿ, ಯಂತ್ರ ಚಾಲನೆಯಾದ ಕ್ಷಣದಿಂದ ಆಟ ಮುಗಿಯುವವರೆಗೆ ಅದು ಹೇಳಿದಂತೆಯೇ ನಡೆಯಬೇಕು. ನಡುವೆ ತಾಳ ತಪ್ಪಿ ಮಾರಿಯೊ ಹಳ್ಳಕ್ಕೆ ಬಿದ್ದರೆ ಮುಂದಿನ ಪರೀಕ್ಷೆಗಳ ಪ್ರಶ್ನೆಯೇ ಇಲ್ಲ.

3. ಗುರಿ ಸ್ಪಷ್ಟವಾಗಿದೆಯೇ? ‘ಆದಷ್ಟು ಬೇಗ ಮುಗಿಸುವುದು’ ಒಂದು ಗುರಿ. ‘ಎಲ್ಲ ವಸ್ತುಗಳನ್ನು ಸಂಗ್ರಹಿಸಿ ಮುಗಿಸುವುದು’ ಇನ್ನೊಂದು. ‘ಅಡ್ಡದಾರಿ ಬಳಸದೆ ಮುಗಿಸುವುದು’ ಮತ್ತೊಂದು. ಮನಸ್ಸಿಗೆ ಬಂದ ನಿಯಮ ಕಟ್ಟಿಕೊಂಡು, ಅದರಲ್ಲಿ ತಾನೇ ಪ್ರಥಮ ಎಂದರೆ ನಡೆಯದು.

4. ವಂಚನೆಯ ಸಂಕೇತ ಬಳಸಲಾಗಿದೆಯೇ? ಕೋಂಟ್ರಾದಲ್ಲಿ 30 ಜೀವ ಕೊಡುತ್ತಿದ್ದ ಗುಂಡಿಗಳ ಸರಣಿಯನ್ನು ಅಂದಿನ ಮಕ್ಕಳೆಲ್ಲ ಬಾಯಿಪಾಠ ಮಾಡಿದ್ದರು. ಆಟವನ್ನು ಸುಲಭಗೊಳಿಸುವ ಇಂಥ ಸಂಕೇತಗಳಿಗೆ ಟ್ಯಾಸ್‌ನಲ್ಲಿ ಸಾಮಾನ್ಯವಾಗಿ ಅವಕಾಶವಿಲ್ಲ. ಆದರೆ ಆಟದೊಳಗೇ ಉಳಿದುಹೋದ ದೋಷಗಳನ್ನು ಗುಂಡಿ ಒತ್ತುವುದರಿಂದಲೇ ಬಳಸಿಕೊಂಡರೆ ಅದು ಮಾನ್ಯ. ಹೊರಗಿನಿಂದ ಸ್ಮರಣೆಯ ಅಂಕಿ ಬದಲಿಸಿದರೆ ಅಮಾನ್ಯ. ಒಳಗಿನ ದೋಷ, ಹೊರಗಿನ ಕೈವಾಡ ಇವೆರಡರ ನಡುವಿನ ಗೆರೆ ಬಹಳ ಮುಖ್ಯ.

5. ತಿಳಿದಿರುವ ದಾಖಲೆಗಳನ್ನು ಮೀರಿದೆಯೇ? ಹಿಂದಿನ ಟ್ಯಾಸ್ ಅಷ್ಟೇ ಅಲ್ಲ, ಮಾನವ ದಾಖಲೆಯನ್ನೂ ಅದು ಸೋಲಿಸಬೇಕು. ನೆರವಿಲ್ಲದ ಮನುಷ್ಯ ವೇಗವಾಗಿ ಮಾಡಿದ್ದನ್ನು ಉಪಕರಣ ಹಿಡಿದವನು ನಿಧಾನವಾಗಿ ಮಾಡಿದರೆ ಆ ಕೃತಿಗೆ ಅರ್ಥವಿಲ್ಲ.

6. ಶ್ರಮ ಸಾಲದೆ ಉಳಿದ ಭಾಗಗಳಿವೆಯೇ? ತೀರ್ಪುಗಾರ ಯಾವುದಾದರೊಂದು ಹಂತವನ್ನು ಆಯ್ದು ತಾನೇ ಆಡಿ ನೋಡುತ್ತಾನೆ. ಅರ್ಧ ತಾಸಿನಲ್ಲಿ ಅವನಿಗೆ ಐದಾರು ಚೌಕಟ್ಟುಗಳ ಉಳಿತಾಯ ಸಿಕ್ಕಿತೆಂದರೆ ಕೃತಿ ಇನ್ನೂ ಹಣ್ಣಾಗಿಲ್ಲ ಎಂದರ್ಥ. ಎಷ್ಟು ಬಾರಿ ಮರುದಾಖಲೆ ಮಾಡಲಾಗಿದೆ ಎಂಬ ಅಂಕಿಯೂ ಕಡತದಲ್ಲಿರುತ್ತದೆ. ಅದು ಶ್ರಮದ ಸೂಚಕ, ಗುಣದ ಪ್ರಮಾಣಪತ್ರವಲ್ಲ.

7. ನೋಡಲು ರಂಜಕವೇ? ಇದು ಎಲ್ಲ ವಿಭಾಗಗಳಿಗೂ ಕಡ್ಡಾಯವಲ್ಲ. ಶುದ್ಧ ವೇಗದ ವಿಭಾಗದಲ್ಲಿ ನೀರಸ ಆಟಕ್ಕೂ ಜಾಗವಿದೆ. ಆದರೆ ವಿಶೇಷ ಗುರಿಯ ಆಟಗಳಿಗೆ ವೀಕ್ಷಕರ ಅಭಿಪ್ರಾಯ ತೂಕ ಪಡೆಯುತ್ತದೆ. ಪರದೆ ತಾನಾಗಿ ಸರಿಯುವ ಹಂತದಲ್ಲಿ ಸಮಯ ಉಳಿಸಲು ಬರುವುದಿಲ್ಲ. ಅಲ್ಲಿ ಆಟಗಾರ ಶತ್ರುಗಳ ತಲೆಯ ಮೇಲೆ ಕುಣಿದು, ಗುಂಡುಗಳ ನಡುವೆ ನುಸುಳಿ ವೀಕ್ಷಕರನ್ನು ರಂಜಿಸುತ್ತಾನೆ.

ತಿರಸ್ಕಾರವಾದ ಕೃತಿಗೆ ಕಾರಣ ಬರೆದು ಕೊಡುವುದು ರೂಢಿ. ಯಾವ ಹಂತದಲ್ಲಿ ಎಷ್ಟು ಚೌಕಟ್ಟು ನಷ್ಟವಾಗಿದೆ ಎಂದು ತೋರಿಸಿದ ತೀರ್ಪು, ಮುಂದಿನವನಿಗೆ ಪಾಠಪುಸ್ತಕವಾಗುತ್ತದೆ.

ಗಡಿಯಾರ ಯಾವುದು?

ಸಮಯವನ್ನು ಎಲ್ಲಿಂದ ಎಲ್ಲಿಗೆ ಅಳೆಯಬೇಕು ಎಂಬ ಪ್ರಶ್ನೆ ಓದುಗರನ್ನು ಹೆಚ್ಚು ಗೊಂದಲಕ್ಕೆ ತಳ್ಳುತ್ತದೆ. ಟ್ಯಾಸ್ ಭಂಡಾರದ ಪದ್ಧತಿಯಲ್ಲಿ ಯಂತ್ರ ಚಾಲನೆಯಾದ ಕ್ಷಣದಿಂದ ಕೊನೆಯ ಗುಂಡಿ ಒತ್ತುವವರೆಗಿನ ಕಾಲ ಲೆಕ್ಕಕ್ಕೆ ಬರುತ್ತದೆ. ಮಾರಿಯೊದ ಮಾನವ ದಾಖಲೆಗಳಲ್ಲಿ ಆಟ ಶುರುವಾದ ಬಳಿಕವಷ್ಟೇ ಗಡಿಯಾರ ಆರಂಭ, ಕೊನೆಯಲ್ಲಿ ಕೊಡಲಿ ಮುಟ್ಟಿದಾಗ ಮುಕ್ತಾಯ. ಹೀಗಾಗಿ 4:57.31ರ ಟ್ಯಾಸ್ ಅನ್ನು ಮಾನವರ ಗಡಿಯಾರದಲ್ಲಿ ಅಳೆದರೆ 4:54.265 ಆಗುತ್ತದೆ.

2021ರ ಏಪ್ರಿಲ್‌ನಲ್ಲಿ ‘ನಿಫ್ಟ್‌ಸ್ಕಿ’ ಎಂಬ ಅಂಕಿತದ ಆಟಗಾರ ಕೈಯಿಂದಲೇ ಆಡಿ 4:54.948ರಲ್ಲಿ ಆಟ ಮುಗಿಸಿ, 4 ನಿಮಿಷ 55 ಸೆಕೆಂಡಿನ ಗಡಿ ದಾಟಿದ ಮೊದಲಿಗನಾದ. ಎರಡು ಗಡಿಯಾರಗಳ ಅರಿವಿಲ್ಲದವರು ಮನುಷ್ಯನೇ ಉಪಕರಣವನ್ನು ಸೋಲಿಸಿದ ಎಂದುಕೊಳ್ಳಬಹುದು. ವಾಸ್ತವದಲ್ಲಿ ಟ್ಯಾಸ್ ಆಗ 0.683 ಸೆಕೆಂಡ್, ಅಂದರೆ ಸುಮಾರು 41 ಚೌಕಟ್ಟು ಮುಂದಿತ್ತು. ನಂತರದ ವರ್ಷಗಳಲ್ಲಿ ಆ ಅಂತರ ಇನ್ನೂ ಕಿರಿದಾಗಿದೆ.

ಟಿವಿಯ ಪದ್ಧತಿಯೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕ, ಜಪಾನ್‌ಗಳ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಸೆಕೆಂಡಿಗೆ ಸುಮಾರು 60 ಚೌಕಟ್ಟು, ಭಾರತ ಅಳವಡಿಸಿಕೊಂಡ ಪಾಲ್ ಪದ್ಧತಿಯಲ್ಲಿ 50. ಬದಲಾವಣೆ ಮಾಡದ ಆಟವೊಂದು 18,000 ಚೌಕಟ್ಟುಗಳಲ್ಲಿ ಮುಗಿದರೆ ಮೊದಲ ಪದ್ಧತಿಯಲ್ಲಿ 5 ನಿಮಿಷ, ಎರಡನೆಯದರಲ್ಲಿ 6 ನಿಮಿಷ ಹಿಡಿಯುತ್ತದೆ. ಈ ಕಾರಣಕ್ಕೆ ತೀರ್ಪುಗಾರರು ಸಾಮಾನ್ಯವಾಗಿ 60 ಚೌಕಟ್ಟಿನ ಆವೃತ್ತಿಗೆ ಆದ್ಯತೆ ಕೊಡುತ್ತಾರೆ.

ಇದೇ ತರ್ಕ ಭಾಷೆಗೂ ಅನ್ವಯಿಸುತ್ತದೆ. ಜಪಾನಿ ಲಿಪಿಯಲ್ಲಿ ಸಂಭಾಷಣೆಯ ಅಕ್ಷರಗಳು ಕಡಿಮೆ, ಆದ್ದರಿಂದ ಪರದೆಯಲ್ಲಿ ಬೇಗ ಮುಗಿಯುತ್ತವೆ. ಆ ಉಳಿತಾಯವನ್ನು ಆಟದ ಸುಧಾರಣೆ ಎಂದು ಎಣಿಸುವುದಿಲ್ಲ. ಎಮ್ಯುಲೇಟರ್ ಹೆಚ್ಚು ನಿಖರವಾದಾಗ ಯಂತ್ರ ತಡವರಿಸುವ ಚೌಕಟ್ಟುಗಳು ಹೆಚ್ಚಾಗಿ ಒಟ್ಟು ಕಾಲ ಏರುವುದೂ ಉಂಟು. ಆಗ ಒಟ್ಟು ಮೊತ್ತ ಬಿಟ್ಟು, ಹಂತ ಹಂತವಾಗಿ ಹೋಲಿಸಿ ತೀರ್ಮಾನಿಸಬೇಕಾಗುತ್ತದೆ.

ಖಾನಾಪುರ ಬಸ್ಸಿನ ಲೆಕ್ಕ

ಉಳಿಸಿದ ಪ್ರತಿ ಚೌಕಟ್ಟೂ ಒಟ್ಟು ಕಾಲದಲ್ಲಿ ಕಾಣಿಸುತ್ತದೆಯೇ? ಇಲ್ಲ. ಮಾರಿಯೊ ಆಟದಲ್ಲಿ ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವ ಬಾಗಿಲು ತೆರೆಯುವುದು 21 ಚೌಕಟ್ಟುಗಳಿಗೊಮ್ಮೆ ಮಾತ್ರ. ಅಂದರೆ ಸುಮಾರು 0.35 ಸೆಕೆಂಡಿಗೊಮ್ಮೆ.

ಬೆಳಗಾವಿಯ ಕೇಂದ್ರ ಬಸ್ ನಿಲ್ದಾಣದಿಂದ ಸುಮಾರು 26 ಕಿ.ಮೀ. ದೂರದ ಖಾನಾಪುರಕ್ಕೆ ಪ್ರತಿ 21 ನಿಮಿಷಕ್ಕೊಂದು ಬಸ್ ಹೊರಡುತ್ತದೆ ಎಂದು ಕಲ್ಪಿಸಿಕೊಳ್ಳಿ. ಪ್ರಯಾಣಿಕ ನಿಲ್ದಾಣಕ್ಕೆ ಐದು ನಿಮಿಷ ಬೇಗ ಓಡಿ ಬಂದರೂ ಅದೇ ಬಸ್ಸಿಗಾಗಿ ಕಾಯಬೇಕಾದರೆ ಖಾನಾಪುರ ತಲುಪುವ ಸಮಯ ಬದಲಾಗದು. ಹಿಂದಿನ ಬಸ್ ಹಿಡಿಯುವಷ್ಟು ಬೇಗ ಬಂದರೆ ಮಾತ್ರ ಲಾಭ, ಆಗ ಲಾಭ ಒಮ್ಮೆಗೇ 21 ನಿಮಿಷ.

ಅಂಕಿಗಳಲ್ಲಿ ನೋಡೋಣ. ಉದಾಹರಣೆಗೆ, ಆರಂಭದಿಂದ ಎಣಿಸಿದಾಗ ಒಂದು ಹಂತ 600ನೇ ಚೌಕಟ್ಟಿನಲ್ಲಿ ಮುಗಿಯಿತು ಎನ್ನಿ. ಬಾಗಿಲು 588ಕ್ಕೆ ತೆರೆದು ಮುಚ್ಚಿದೆ, ಮುಂದಿನದು 609ಕ್ಕೆ. ಆಟಗಾರ ಏಳು ಚೌಕಟ್ಟು ಉಳಿಸಿ 593ಕ್ಕೆ ಮುಗಿಸಿದರೂ 609ರವರೆಗೆ ಕಾಯಲೇಬೇಕು. ಇನ್ನೂ ಐದು ಉಳಿಸಿ 588ಕ್ಕೆ ತಲುಪಿದರೆ ಒಮ್ಮೆಗೇ 21 ಚೌಕಟ್ಟು ದಕ್ಕುತ್ತವೆ. ಕೊನೆಯ ಹಂತದ ನಂತರ ಯಾವ ಬಸ್ಸೂ ಇಲ್ಲದಿರುವುದರಿಂದ ಅಲ್ಲಿ ಒಂದೊಂದು ಚೌಕಟ್ಟಿಗೂ ಬೆಲೆಯಿದೆ.

ತೀರ್ಪುಗಾರನಿಗೂ ಸುಧಾರಕನಿಗೂ ಈ ಲೆಕ್ಕ ಅಗತ್ಯ. ಹಂತದ ನಡುವೆ ಮಾರಿಯೊ ಕ್ಷಣಕಾಲ ನಿಂತಂತೆ ಕಂಡರೆ ಅದು ಅಲಕ್ಷ್ಯವಿರಬೇಕಿಲ್ಲ. ಹೇಗೂ ಕಾಯಬೇಕಾದ ಸಮಯವನ್ನು ರಂಜನೆಗೆ ಬಳಸಿಕೊಂಡಿರಬಹುದು.

ಸುಧಾರಣೆಯ ಮಾರ್ಗ

ಇರುವ ದಾಖಲೆಯನ್ನು ಮುರಿಯಲು ಹೊರಟವನ ಮೊದಲ ಕೆಲಸ ಆಡುವುದಲ್ಲ, ಓದುವುದು. ಹಿಂದಿನವರ ಕಡತ, ಅವರ ಟಿಪ್ಪಣಿ, ತಿರಸ್ಕೃತ ಪ್ರಯತ್ನಗಳ ತೀರ್ಪು ಇವೆಲ್ಲವನ್ನೂ ನೋಡಬೇಕು. ಬಳಿಕ ಪ್ರತಿ ಹಂತ ಯಾವ ಚೌಕಟ್ಟಿನಲ್ಲಿ ಆರಂಭವಾಗಿ ಯಾವುದರಲ್ಲಿ ಮುಗಿಯುತ್ತದೆ ಎಂಬ ಕೋಷ್ಟಕ ಸಿದ್ಧಪಡಿಸಬೇಕು. ಸುಧಾರಣೆ ಮೂರು ಕಡೆಯಿಂದ ಬರಬಹುದು.

ಮೊದಲನೆಯದು ದಾರಿ. ಯಾವ ಹಂತ ಬಿಡಬಹುದು, ಯಾವ ವಸ್ತು ತೆಗೆದುಕೊಳ್ಳದೆ ಸಾಗಬಹುದು ಎಂಬ ನಿರ್ಧಾರ ಇದು. ಇಲ್ಲಿ ಸಿಕ್ಕ ಒಂದು ಹೊಸ ವಿಚಾರ ನಿಮಿಷಗಟ್ಟಲೆ ಉಳಿಸಬಹುದು. 2003ರಲ್ಲಿ 11 ನಿಮಿಷವಿದ್ದ ‘ಮಾರಿಯೊ 3’ರ ಟ್ಯಾಸ್, ಆಟದ ಆಳದ ದೋಷವೊಂದನ್ನು ಬಳಸುವ ಪ್ರತ್ಯೇಕ ವಿಭಾಗದಲ್ಲಿ 2014ರಲ್ಲಿ 3 ನಿಮಿಷದೊಳಕ್ಕೆ ಇಳಿಯಿತು. ಅದೇ ವೇಳೆ, ಆ ದೋಷ ಬಳಸದ ಹಳೆಯ ಮಾದರಿಯ ಆಟದಲ್ಲಿ ಹತ್ತಾರು ವರ್ಷ ದುಡಿದರೂ ಉಳಿದದ್ದು ಅರ್ಧ ನಿಮಿಷದ ಆಸುಪಾಸು.

ಎರಡನೆಯದು ಚಲನೆ. ಜಿಗಿತದ ಕ್ಷಣ, ವೇಗ ಏರುವ ಬಗೆ, ಗೋಡೆಯ ಮೂಲೆಗೆ ತಾಗುವ ಕೋನ ಇವುಗಳ ಸೂಕ್ಷ್ಮ ತಿದ್ದುಪಡಿ ಇದರ ವ್ಯಾಪ್ತಿ. ಮಾರಿಯೊ ಧ್ವಜಸ್ತಂಭದ ಬುಡದ ಕಲ್ಲಿನೊಳಗೆ ಸರಿಯಾಗಿ ನುಸುಳಿದರೆ ಧ್ವಜ ಇಳಿಯುವವರೆಗೆ ಕಾಯಬೇಕಿಲ್ಲ. ಟ್ಯಾಸ್‌ನಲ್ಲಿ ಬಳಸಿದ ಇಂಥ ತಂತ್ರಗಳನ್ನು ಮಾನವ ಆಟಗಾರರೂ ವರ್ಷಗಳ ಅಭ್ಯಾಸದಿಂದ ಕೈವಶ ಮಾಡಿಕೊಂಡಿದ್ದಾರೆ. ಎಡ, ಬಲ ಗುಂಡಿಗಳನ್ನು ಒಟ್ಟಿಗೆ ಒತ್ತುವ ತಂತ್ರ ಮಾತ್ರ ಬೇರೆ. ನಿಂಟೆಂಡೊದ ಮೂಲ ನಿಯಂತ್ರಕದ ರಚನೆಯೇ ಅದನ್ನು ತಡೆಯುತ್ತದೆ. ಟ್ಯಾಸ್‌ನಲ್ಲಿ ಅದು ಒಪ್ಪಿತ, ಮಾನವ ದಾಖಲೆಗಳಲ್ಲಿ ವಿವಾದಿತ.

ಮೂರನೆಯದು ಅದೃಷ್ಟ. ಹಳೆಯ ಯಂತ್ರಗಳಲ್ಲಿ ನಿಜವಾದ ಆಕಸ್ಮಿಕತೆ ಇರುವುದಿಲ್ಲ. ಶತ್ರು ಎಡಕ್ಕೆ ತಿರುಗುವನೋ ಬಲಕ್ಕೋ ಎಂಬುದನ್ನು ಒಂದು ಸೂತ್ರ ನಿರ್ಧರಿಸುತ್ತದೆ. ಕಳೆದ ಚೌಕಟ್ಟುಗಳ ಸಂಖ್ಯೆ, ಒತ್ತಿದ ಗುಂಡಿಗಳು ಆ ಸೂತ್ರದ ಮೇಲೆ ಪ್ರಭಾವ ಬೀರುತ್ತವೆ. ಒಂದು ಚೌಕಟ್ಟು ತಡಮಾಡಿ ಜಿಗಿದರೆ ಶತ್ರುವಿನ ನಡೆ ಬದಲಾಗಬಹುದು. ಹೀಗೆ ದಾಳವನ್ನು ಬೇಕಾದಂತೆ ಬೀಳಿಸುವುದು ಟ್ಯಾಸ್‌ನಲ್ಲಿ ಮಾನ್ಯ ಕಲೆ.

ಆದರೆ ಇಲ್ಲೊಂದು ತೊಡಕಿದೆ. ಎರಡನೇ ಹಂತದಲ್ಲಿ ಒಂದು ಚೌಕಟ್ಟು ಉಳಿಸಿದರೆ ಅದರ ಮುಂದಿನ ಎಲ್ಲ ಘಟನೆಗಳೂ ಒಂದು ಚೌಕಟ್ಟು ಹಿಂದಕ್ಕೆ ಸರಿಯುತ್ತವೆ. ಸೂತ್ರ ಬೇರೆ ಫಲ ಕೊಡುತ್ತದೆ. ಹಳೆಯ ಗುಂಡಿಪಟ್ಟಿ ಮುಂದಿನ ಹಂತಗಳಲ್ಲಿ ತಾಳ ತಪ್ಪುತ್ತದೆ. ಆದ್ದರಿಂದ ಒಂದು ಚೌಕಟ್ಟಿನ ಉಳಿತಾಯಕ್ಕಾಗಿ ಇಡೀ ಆಟವನ್ನು ಮತ್ತೆ ಕಟ್ಟಬೇಕಾಗಿ ಬರಬಹುದು. ಅನುಭವಿಗಳು ಮೊದಲು ಬಿಡಿ ಹಂತಗಳಲ್ಲಿ ಸಾಧ್ಯವಾದ ಉಳಿತಾಯವನ್ನೆಲ್ಲ ಪಟ್ಟಿ ಮಾಡಿ, ಆ ಬಳಿಕ ಆರಂಭದಿಂದ ಜೋಡಿಸುತ್ತಾರೆ.

ಕಂಪ್ಯೂಟರ್ ತಾನೇ ಕಂಡುಹಿಡಿಯಬಾರದೇ?

ನಿಂಟೆಂಡೊದ ನಿಯಂತ್ರಕದಲ್ಲಿ ಎಂಟು ಗುಂಡಿಗಳು. ಒಂದು ಚೌಕಟ್ಟಿನಲ್ಲಿ 256 ಬಗೆಯ ಸಂಯೋಜನೆ ಸಾಧ್ಯ. ಒಂದು ಸೆಕೆಂಡಿಗೆ 60 ಚೌಕಟ್ಟು ಎಂದರೆ 256ನ್ನು 60 ಬಾರಿ ಗುಣಿಸಬೇಕು. ಉತ್ತರ 145 ಅಂಕಿಗಳ ಸಂಖ್ಯೆ. ಕೇವಲ ಒಂದು ಸೆಕೆಂಡಿನ ಆಟಕ್ಕೇ ಇಷ್ಟು ಸಾಧ್ಯತೆಗಳಿರುವಾಗ ಎಲ್ಲವನ್ನೂ ಪ್ರಯತ್ನಿಸಿ ನೋಡುವುದು ಯಾವ ಕಂಪ್ಯೂಟರಿಗೂ ಆಗದ ಮಾತು.

ಹೀಗಾಗಿ ಹುಡುಕಾಟವನ್ನು ಮನುಷ್ಯನೇ ಕಿರಿದುಗೊಳಿಸಬೇಕು. ಒಂದು ಜಿಗಿತದ ಹತ್ತು ಚೌಕಟ್ಟು, ಎರಡೇ ಗುಂಡಿ ಎಂದು ಮಿತಿ ಹಾಕಿದರೆ ಕಂಪ್ಯೂಟರ್ ಕ್ಷಣದಲ್ಲಿ ಉತ್ತರ ಹುಡುಕೀತು. ಎಲ್ಲಿ ಹುಡುಕಬೇಕೆಂಬ ಸೂಕ್ಷ್ಮಬುದ್ಧಿ ಆಟಗಾರನದ್ದು, ಸುಸ್ತಾಗದೆ ಹುಡುಕುವ ಕೆಲಸ ಯಂತ್ರದ್ದು.

ಉಪಕರಣವೇ ಸಾಕ್ಷಿಯಾದಾಗ

ಟ್ಯಾಸ್ ತಂತ್ರಗಳಿಂದ ಮಾನವ ದಾಖಲೆಗಳ ಸತ್ಯಾಸತ್ಯತೆ ಹೊರಬಿದ್ದ ಪ್ರಕರಣಗಳಿವೆ. ಆಕ್ಟಿವಿಷನ್ ಕಂಪನಿಯ ‘ಡ್ರ್ಯಾಗ್‌ಸ್ಟರ್’ (1980) ಆಟದಲ್ಲಿ 5.51 ಸೆಕೆಂಡಿನ ದಾಖಲೆ ಟಾಡ್ ರಾಜರ್ಸ್ ಹೆಸರಿನಲ್ಲಿ 1982ರಿಂದ ಇತ್ತು. 2017ರಲ್ಲಿ ಎರಿಕ್ ಕೋಜಿಯೆಲ್ ಎಂಬ ಆಟಗಾರ ಆಟದ ಸಂಕೇತವನ್ನು ಬಿಡಿಸಿ ಲೆಕ್ಕ ಹಾಕಿದಾಗ, 5.57 ಸೆಕೆಂಡಿಗಿಂತ ಕಡಿಮೆ ಕಾಲ ಸಾಧ್ಯವೇ ಇಲ್ಲವೆಂದು ಕಂಡುಬಂತು. ದಾಖಲೆಗಳನ್ನು ಕಾಯುವ ಟ್ವಿನ್ ಗ್ಯಾಲಕ್ಸೀಸ್ ಸಂಸ್ಥೆ 2018ರ ಜನವರಿಯಲ್ಲಿ ಆ ದಾಖಲೆಯನ್ನು ತೆಗೆದುಹಾಕಿತು.

‘ಡಯಾಬ್ಲೊ’ ಆಟದ 2009ರ 3 ನಿಮಿಷ 12 ಸೆಕೆಂಡಿನ ದಾಖಲೆಯ ಕಥೆಯೂ ಇಂಥದ್ದೇ. ಅದರ ಟ್ಯಾಸ್ ಕಟ್ಟಲು ಹೊರಟ ತಂಡವೊಂದು ನೆಲಮಾಳಿಗೆಗಳ ನಕ್ಷೆ ಹುಟ್ಟುವ ಸೂತ್ರವನ್ನು ಅಧ್ಯಯನ ಮಾಡಿತು. ದಾಖಲೆಯಲ್ಲಿ ಕಂಡ ನೆಲಮಾಳಿಗೆಗಳು ಒಂದೇ ಆಟದಲ್ಲಿ ಒಟ್ಟಿಗೆ ಬರಲು ಸಾಧ್ಯವಿಲ್ಲವೆಂಬ ತೀರ್ಮಾನಕ್ಕೆ ಅದು ಬಂತು. ಸ್ಪೀಡ್ ಡೆಮೋಸ್ ಆರ್ಕೈವ್ ಆ ದಾಖಲೆಯನ್ನು ಕೈಬಿಟ್ಟಿತು. ವಂಚನೆ ಎಂದು ಅನುಮಾನಿಸಲ್ಪಟ್ಟ ವಿದ್ಯೆಯೇ ವಂಚನೆ ಹಿಡಿಯುವ ವಿದ್ಯೆಯಾದದ್ದು ಗಮನಾರ್ಹ.

ಎಮ್ಯುಲೇಟರ್ ನಂಬಲರ್ಹವೇ ಎಂಬ ಸಂದೇಹಕ್ಕೂ ಉತ್ತರವಿದೆ. ಗುಂಡಿಪಟ್ಟಿಯನ್ನು ವಿಶೇಷ ಸಾಧನದ ಮೂಲಕ ನಿಜವಾದ ಹಳೆಯ ಯಂತ್ರಕ್ಕೇ ಉಣಿಸಿ ನೋಡುವ ಕ್ರಮ ಬೆಳೆದಿದೆ. 2014ರ ಜನವರಿಯಲ್ಲಿ ಅಮೆರಿಕದ ‘ಆಸಮ್ ಗೇಮ್ಸ್ ಡನ್ ಕ್ವಿಕ್’ ಸಹಾಯಾರ್ಥ ಕಾರ್ಯಕ್ರಮದಲ್ಲಿ ಅಲನ್ ಸೆಸಿಲ್ ಮತ್ತು ಸಂಗಡಿಗರು ‘ಟ್ಯಾಸ್‌ಬಾಟ್’ ಸಾಧನವನ್ನು ಪ್ರದರ್ಶಿಸಿದರು. ಗುಂಡಿ ಒತ್ತುವುದೊಂದರಿಂದಲೇ ‘ಸೂಪರ್ ಮಾರಿಯೊ ವರ್ಲ್ಡ್’ ಆಟದೊಳಗೆ ‘ಪಾಂಗ್’, ‘ಸ್ನೇಕ್’ ಆಟಗಳು ಹುಟ್ಟಿಕೊಂಡದ್ದನ್ನು ಸಭಿಕರು ಬೆರಗಿನಿಂದ ನೋಡಿದರು.

ಕಾನೂನಿನ ಮಾತು

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕಂಪ್ಯೂಟರ್ ತಂತ್ರಾಂಶಕ್ಕೂ ಸಾಹಿತ್ಯಕೃತಿಗೆ ಸಮನಾದ ರಕ್ಷಣೆಯಿದೆ. ನ್ಯಾಯಬದ್ಧವಾಗಿ ಪ್ರತಿ ಹೊಂದಿರುವವರು ನಷ್ಟದ ಭಯಕ್ಕಾಗಿ ತಾತ್ಕಾಲಿಕ ರಕ್ಷಣಾ ಪ್ರತಿ ಮಾಡಿಕೊಳ್ಳಲು 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಅದರಾಚೆ, ಕಂಡಕಂಡಲ್ಲಿಂದ ಆಟದ ಪ್ರತಿ ಇಳಿಸಿಕೊಳ್ಳುವುದು, ಹಂಚುವುದು ಸಲ್ಲದು. ಟ್ಯಾಸ್ ಕಡತದಲ್ಲಿ ಆಟ ಇರುವುದಿಲ್ಲ, ಗುಂಡಿಗಳ ಪಟ್ಟಿ ಮಾತ್ರ ಇರುತ್ತದೆ. ಆದ್ದರಿಂದ ಅದನ್ನು ವಿನಿಮಯ ಮಾಡಿಕೊಂಡರೆ ಆಟವನ್ನು ಹಂಚಿದಂತಾಗದು.

ಆರಂಭಿಸುವವರಿಗೆ ಕಿವಿಮಾತು

* ದೊಡ್ಡ ಆಟಕ್ಕೆ ಕೈಹಾಕುವ ಮೊದಲು ಐದು ನಿಮಿಷದೊಳಗೆ ಮುಗಿಯುವ ಆಟ ಆಯ್ದುಕೊಳ್ಳುವುದು ಒಳಿತು.
* ಎಮ್ಯುಲೇಟರಿನ ಹೆಸರು, ಆವೃತ್ತಿ, ಆಟದ ಪ್ರತಿಯ ಅಂಕಸಂಕೇತ ಇವನ್ನು ಮೊದಲ ದಿನವೇ ಬರೆದಿಡಬೇಕು. ನಡುವೆ ಬದಲಿಸಿದರೆ ತಾಳ ತಪ್ಪುತ್ತದೆ.
* ಪ್ರತಿ ಹಂತದ ಕಡತವನ್ನು ಬೇರೆ ಬೇರೆ ಹೆಸರಿನಲ್ಲಿ ಉಳಿಸಬೇಕು.
* ‘ಇನ್ನು ಉಳಿಸಲಾಗದು’ ಎನಿಸಿದ ಹಂತವನ್ನು ಒಂದು ವಾರ ಬಿಟ್ಟು ಮತ್ತೆ ನೋಡಬೇಕು.
* ಕೃತಿಯ ಜೊತೆಗೆ ಅದು ಟ್ಯಾಸ್ ಎಂಬ ಹೇಳಿಕೆ, ಬಳಸಿದ ತಂತ್ರಗಳ ವಿವರ, ನೆರವಾದವರ ಹೆಸರು ಇರಲೇಬೇಕು.

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿ, ಮಚ್ಛೆ ಬಳಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇದೆ. ಅದರಡಿಯ ಕಾಲೇಜುಗಳಲ್ಲಿ ಓದುವ ವಿದ್ಯಾರ್ಥಿಗೆ ಸ್ಮರಣೆಯ ವಿನ್ಯಾಸ, ಯಂತ್ರಭಾಷೆ, ಹುಡುಕಾಟದ ಕ್ರಮವಿಧಿ ಇವೆಲ್ಲ ಪಠ್ಯದ ವಿಷಯಗಳು. ಎರಡು ಕಿಲೋಬೈಟ್ ಸ್ಮರಣೆಯ ಹಳೆಯ ನಿಂಟೆಂಡೊ ಯಂತ್ರದಲ್ಲಿ ಅವನ್ನು ಕಣ್ಣಾರೆ ಕಾಣಬಹುದು. ಇಂದಿನ ಯಂತ್ರಗಳಂತೆ ಅದು ಅಗಾಧವಲ್ಲ, ಒಬ್ಬನ ತಲೆಯಲ್ಲಿ ಪೂರ್ತಿ ಹಿಡಿಯುವಷ್ಟು ಚಿಕ್ಕದು.

ಪದಕೋಶ

ಚೌಕಟ್ಟು: ಪರದೆಯ ಒಂದು ಸ್ಥಿರ ಚಿತ್ರ, ಆಟದ ಕಾಲದ ಅತಿ ಚಿಕ್ಕ ಅಳತೆ.
ಮರುದಾಖಲೆ: ಉಳಿಸಿದ ಕ್ಷಣಕ್ಕೆ ಮರಳಿ ಮತ್ತೆ ಆಡುವುದು.
ತಾಳ ತಪ್ಪುವಿಕೆ: ಗುಂಡಿಪಟ್ಟಿಗೂ ಆಟದ ಸ್ಥಿತಿಗೂ ಹೊಂದಿಕೆ ಇಲ್ಲದಾಗುವುದು.
ತಡವರಿಕೆ: ಕೆಲಸದ ಹೊರೆಯಿಂದ ಯಂತ್ರ ಗುಂಡಿಯನ್ನು ಓದದೆ ಬಿಡುವ ಚೌಕಟ್ಟು.
ಚೌಕಟ್ಟು ನಿಯಮ: ನಿಗದಿತ ಅಂತರಕ್ಕೊಮ್ಮೆ ಮಾತ್ರ ಮುಂದಿನ ಹಂತ ತೆರೆಯುವ ವ್ಯವಸ್ಥೆ.

ಒಂದು ಟ್ಯಾಸ್ ಅಂತಿಮವೆಂದು ಸಾಧಿಸುವುದು ಬಹುತೇಕ ಆಟಗಳಲ್ಲಿ ಸಾಧ್ಯವಿಲ್ಲ. ‘ಇದಕ್ಕಿಂತ ವೇಗವಾದುದು ಇದುವರೆಗೆ ಸಿಕ್ಕಿಲ್ಲ’ ಎಂದಷ್ಟೇ ತೀರ್ಪುಗಾರ ಹೇಳಬಲ್ಲ. ವಿಡಿಯೊ ನೋಡುವ ಸಾಮಾನ್ಯ ಓದುಗರು ಕೇಳಬೇಕಾದ ಪ್ರಶ್ನೆಗಳು ಮೂರೇ: ಇದು ಕೈಯಿಂದ ಆಡಿದ್ದೋ, ಟ್ಯಾಸ್ ಆಗಿಯೋ? ಯಾವ ಗಡಿಯಾರದಲ್ಲಿ ಅಳೆದದ್ದು? ಕಡತ ಪರಿಶೀಲನೆಗೆ ದೊರೆಯುತ್ತದೆಯೇ? ಮೂರಕ್ಕೂ ನೇರ ಉತ್ತರ ಇದ್ದಲ್ಲಿ ಆ ದಾಖಲೆಯನ್ನು ನಿಶ್ಚಿಂತೆಯಿಂದ ಮೆಚ್ಚಬಹುದು.